ನಮ್ಮ ಶನಿವಾರವನ್ನು ಉಳಿಸಿಕೊಟ್ಟ ಪುಟಜೋಡಕ ಮಹಾಶಯರಿಗೆ

ಮಾನ್ಯರೇ,

ನನ್ನ ಕಂಪ್ಯೂಟರಿನ ಪರದೆಯ ಎಡಮೂಲೆಯಲ್ಲಿ ಎರಡು ಹಾಳೆಗಳು ಕೈಕುಲುಕುತ್ತಿರುವ ಪುಟ್ಟ ಚಿತ್ರವಾಗಿ ವಿರಾಜಮಾನರಾಗಿರುವ, ಬಿಡಿಬಿಡಿ ಪುಟಗಳನ್ನು ಒಂದೇ ಕಡತವಾಗಿ ಜೋಡಿಸುವುದರಲ್ಲಿ ನಿಸ್ಸೀಮರಾದ, ಸಂಬಳ ರಜೆ ಬಡ್ತಿ ಯಾವುದನ್ನೂ ಬಯಸದ ಉಚಿತ ತಂತ್ರಾಂಶವಾದ ತಮಗೆ, ಈ ಕಟ್ಟಡದ ಎರಡನೇ ಮಹಡಿಯ ನಿವಾಸಿಯೂ ತೂಕ-ಅಳತೆ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರನೂ ಆದ ನಾನು ಮಾಡುವ ಅನಂತಾನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮೊನ್ನೆ ತಾನೇ ತಮಗೆ ಅಪ್‌ಡೇಟ್ ಆಯಿತೆಂದು ತಿಳಿದು ಸಂತೋಷವಾಯಿತು; ನನ್ನ ವಯಸ್ಸಿನವರಿಗೆ ಅಂಥ ಭಾಗ್ಯವಿಲ್ಲ, ಏನಿದ್ದರೂ ರಿಪೇರಿಯೇ.

ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್‌ಮಿಷನ್, ನನ್ನದೊಂದು ದೂರಿದೆ. ಕಾಲೇಜಿನಲ್ಲಿ ನಮಗೆ 'ಯಂತ್ರ: ವರವೋ ಶಾಪವೋ' ಎಂಬ ವಿಷಯದ ಮೇಲೆ ಇಂಗ್ಲಿಷ್ ಪ್ರಬಂಧ ಬರೆಯಲು ಕೊಟ್ಟಿದ್ದರು. ನಾನು 'ಆನ್ ದಿ ಒನ್ ಹ್ಯಾಂಡ್' ಎಂದು ಶುರುಮಾಡಿ ವರವನ್ನೇ ಪುಟಗಟ್ಟಲೆ ಹೊಗಳುತ್ತ ಹೋದೆ. 'ಆನ್ ದಿ ಅದರ್ ಹ್ಯಾಂಡ್' ಎಂದು ಬರೆದು ಮುಗಿಸುವಷ್ಟರಲ್ಲಿ ಗಂಟೆ ಹೊಡೆದು ಮೇಷ್ಟ್ರು ಕಾಗದ ಕಿತ್ತುಕೊಂಡರು. ಆ ಇನ್ನೊಂದು ಕೈ ಅಂದಿನಿಂದ ಹಾಗೇ ಗಾಳಿಯಲ್ಲಿ ನೇತಾಡುತ್ತಿದೆ. ಈ ಪತ್ರವನ್ನು ಆ ಕೈಯಲ್ಲೇ ಬರೆದದ್ದೆಂದು ತಾವು ದಯವಿಟ್ಟು ಭಾವಿಸತಕ್ಕದ್ದು.

ತಮ್ಮನ್ನು ಮೊದಲು ತೆರೆದಾಗ ಕಾಣುವ ಪುಟದಲ್ಲಿ 'ನಿಮ್ಮ ಸಮಯ ಉಳಿಸುತ್ತೇವೆ' ಎಂದು ದಪ್ಪಕ್ಷರದಲ್ಲಿ ಬರೆದುಕೊಂಡಿದ್ದೀರಿ. ಸರ್ವಿಸಿನುದ್ದಕ್ಕೂ ಅಂಗಡಿಗಳ ತಕ್ಕಡಿಗೆ ಮುದ್ರೆ ಒತ್ತಿದವನು ನಾನು. ಯಾರಾದರೂ 'ಇಷ್ಟು ಕೊಡುತ್ತೇನೆ' ಎಂದರೆ, ಕೊಟ್ಟದ್ದನ್ನು ಇನ್ನೊಮ್ಮೆ ತೂಗಿ ನೋಡುವ ಚಟ ನನ್ನ ಕೈಗೆ ಅಂಟಿಕೊಂಡಿದೆ. ಆದ್ದರಿಂದ ವಿನಯಪೂರ್ವಕವಾಗಿ ಕೇಳುತ್ತೇನೆ: ಉಳಿಸಿದ ಆ ಸಮಯವನ್ನು ತಾವು ಎಲ್ಲಿ ಇಟ್ಟಿದ್ದೀರಿ? ಇಂಥ ಕಪಾಟಿನ ಇಂಥ ಖಾನೆಯಲ್ಲಿ ಎಂದು ತಿಳಿಸಿದರೆ ನಾನೇ ಬಂದು ತೂಗಿಕೊಳ್ಳುತ್ತೇನೆ. ಏಕೆಂದರೆ, ಮಹಾಶಯರೇ, ಸಮಯದ ಅಭಾವ ಇರುವವರು ಬೇರೆ. ನನ್ನಾಕೆ ತೀರಿಕೊಂಡ ಮೇಲೆ ಈ ಮನೆಯಲ್ಲಿ ಸಮಯವೆಂಬ ಸರಕು ಗೋಡೌನಿನ ತುಂಬ ರಾಶಿ ಬಿದ್ದಿದೆ, ಮಂಚದ ಕೆಳಗೂ ಇದೆ, ಅಡುಗೆಮನೆಯ ಅಟ್ಟದ ಮೇಲೂ ಇದೆ. ತಾವು ಅದೇ ಸರಕನ್ನು ಇನ್ನೊಂದು ಮೂಟೆ ತಂದು ಬಾಗಿಲಲ್ಲಿ ಇಳಿಸಿದಿರಿ. ಉಪ್ಪಿನಂಗಡಿಯವನಿಗೆ ಉಪ್ಪಿನ ಉಡುಗೊರೆ! ಅದಕ್ಕಾಗಿ ಧನ್ಯವಾದಗಳು.

ತಾವು ಏನನ್ನು ಉಳಿಸಿದಿರಿ ಎಂಬುದನ್ನು ಈಗ ನಿವೇದಿಸುತ್ತೇನೆ. ನಮ್ಮ ಕಟ್ಟಡಕ್ಕೆ ಒಂದು ವಾರಪತ್ರಿಕೆ ಇದೆ. ಲಿಫ್ಟು ಯಾವಾಗ ಕೆಟ್ಟಿತು, ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಒದ್ದೆ ಬಟ್ಟೆ ಯಾರ ತಲೆಯ ಮೇಲೆ ಬಿತ್ತು ಇತ್ಯಾದಿ ಜಾಗತಿಕ ವಿದ್ಯಮಾನಗಳು ಅದರಲ್ಲಿ ಬರುತ್ತವೆ. ಬರೆಯುವವರು ತಮಗೆ ತೋಚಿದ ಹಾಗೆ ಬರೆದು, ಪುಟಸಂಖ್ಯೆ ಎಂಬುದು ಲೋಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲವೇನೋ ಎಂಬಂತೆ ಒಂದೊಂದೇ ಹಾಳೆಯನ್ನು ಫೋನಿನಿಂದ ನನಗೆ ಕಳಿಸುತ್ತಾರೆ. ಅದನ್ನೆಲ್ಲ ಅಚ್ಚುಹಾಕಿಕೊಂಡು, ನೆಲಮಹಡಿಯಲ್ಲಿ ಮೀಟರ್ ಪೆಟ್ಟಿಗೆಗಳ ಪಕ್ಕದ ಕೋಣೆಯಲ್ಲಿರುವ, ಒಂದು ಕಾಲು ಕುಂಟುವ ಪಿಂಗ್‌ಪಾಂಗ್ ಮೇಜಿನ ಮೇಲೆ ಹರಡಿ, ಪ್ರತಿ ಶನಿವಾರ ನಾವು ನಾಲ್ವರು ಕೂರುತ್ತಿದ್ದೆವು.

ನಾಲ್ವರೆಂದರೆ, ನಾನೊಬ್ಬ, ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದ, ಇಡೀ ಕಟ್ಟಡವೇ ಸಿಸ್ಟರ್ ಎಂದು ಕರೆಯುವ ಮೂರನೇ ಮಹಡಿಯವರು, ಬೀದಿಬದಿಯ ಅಂಗಡಿಯನ್ನು ಶನಿವಾರ ಮಧ್ಯಾಹ್ನಕ್ಕೇ ಮುಚ್ಚಿ ಬರುವ ಟೈಲರ್, ಮತ್ತು ಪತ್ರಿಕೆಯನ್ನು ಮನೆಮನೆಗೆ ಹಂಚುವ, ನಿವೃತ್ತಿಯಾದರೂ ನಡಿಗೆಯ ವೇಗ ಇಳಿಸದ ಅಂಚೆಯಣ್ಣ. ಸಿಸ್ಟರ್ ಒಂದು ಪುಟದ ಕೊನೆಯ ಸಾಲನ್ನು, ಜ್ವರದ ಪಟ್ಟಿ ಓದುವಷ್ಟು ಗಂಭೀರವಾಗಿ, ಗಟ್ಟಿಯಾಗಿ ಓದುವರು. ಅದಕ್ಕೆ ಹೊಂದುವ ಮೊದಲ ಸಾಲು ಯಾವ ಪುಟದಲ್ಲಿದೆಯೆಂದು ನಾನು ಹುಡುಕಿ ಓದಬೇಕು. ಹೊಂದಿದರೆ ಟೈಲರ್ "ತೋಳು ಕೂತ್ಕೊಳ್ತು!" ಎಂದು ಕೂಗಿ ಅಂಚಿಗೆ ದಾರದಿಂದ ಟಾಕು ಹಾಕುವರು. ಹೊಂದದಿದ್ದರೆ ಸಿಸ್ಟರ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ತಕ್ಕಡಿ ಸಾಹೇಬ್ರೇ, ಇದು ಆ ಪೇಷೆಂಟ್ ಅಲ್ಲ, ಪಕ್ಕದ ಬೆಡ್ಡು" ಎನ್ನುವರು. ಹೀಗೆ ಅವರ ಕೊನೆಯ ಸಾಲಿಗೆ ನನ್ನ ಮೊದಲ ಸಾಲನ್ನು ಹೊಂದಿಸುತ್ತ ಹೊಂದಿಸುತ್ತ ಕಿಟಕಿಯ ಬಿಸಿಲು ಮೇಜಿನ ಈ ಅಂಚಿನಿಂದ ಆ ಅಂಚಿಗೆ ಹೋಗಿ ಕೆಳಗಿಳಿಯುತ್ತಿತ್ತು. ಇಡೀ ವಾರದಲ್ಲಿ ನಾನು ಇನ್ನೊಬ್ಬರ ಮಾತಿಗೆ ಮುಂದಿನ ಮಾತು ಸೇರಿಸುತ್ತಿದ್ದದ್ದು ಆ ಒಂದು ದಿನವೇ. ಉಳಿದ ದಿನ ನನ್ನ ಸಂಭಾಷಣೆಯೆಲ್ಲ ಕುಕ್ಕರಿನ ಜೊತೆ, ಅದಕ್ಕಾದರೋ ಒಂದೇ ಪದ ಗೊತ್ತು.

ಇದನ್ನು ಕಂಡು ಕನಿಕರಪಟ್ಟವಳು ನನ್ನ ಮಗಳು, ಎರಡು ಬೀದಿಯಾಚೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. "ಏನಪ್ಪಾ ಇದು, ಸೂಜಿ ದಾರ ಹಿಡ್ಕೊಂಡು ಇಡೀ ದಿನ ಒದ್ದಾಡ್ತೀರಲ್ಲ! ಇದಕ್ಕೊಂದು ಪುಕ್ಕಟೆ ಸಾಫ್ಟ್‌ವೇರ್ ಇದೆ, ಕಣ್ಮುಚ್ಚಿ ಬಿಡೋದ್ರಲ್ಲಿ ಮುಗಿಸುತ್ತೆ" ಎಂದು, ಬೇಡ ಎನ್ನುವ ಮೊದಲೇ ತಮ್ಮನ್ನು ಇಳಿಸಿ ಪ್ರತಿಷ್ಠಾಪಿಸಿ, ನನ್ನ ಫ್ರಿಜ್ಜಿನಲ್ಲಿದ್ದ ಹಳೇ ಸಾರನ್ನು ಚೆಲ್ಲಿ ಹೊರಟುಹೋದಳು. ಅವಳದು ಒಳ್ಳೆಯ ಮನಸ್ಸು. ಒಳ್ಳೆಯ ಮನಸ್ಸಿನವರೆದುರು ತಕರಾರು ಅರ್ಜಿ ಹಾಕಲು ಬರುವುದಿಲ್ಲವೆಂಬುದು ಆಡಳಿತದ ದೊಡ್ಡ ಲೋಪ.

ಆ ಶನಿವಾರ ನನ್ನ ಮಡಚುವ ಕಂಪ್ಯೂಟರನ್ನು ಕಂಕುಳಲ್ಲಿಟ್ಟುಕೊಂಡು ಕೆಳಗಿನ ಕೋಣೆಗೆ ಒಯ್ದು, ನಾನೇ ತಮ್ಮನ್ನು ಎಲ್ಲರಿಗೂ ಹೆಮ್ಮೆಯಿಂದ ತೋರಿಸಿದೆ. ಮಗಳು ಮಾದರಿಗೆಂದು ಓದಿ, ಹೆಸರಿನ ಮುಂದೆ ಕ್ರಮವಾಗಿ ಅಂಕಿ ಹಾಕಿಟ್ಟಿದ್ದ ಎಲ್ಲ ಪುಟಗಳನ್ನೂ ಎಳೆದು ತಮ್ಮ ಬಾಯಿಗೆ ಹಾಕಿ 'ಜೋಡಿಸು' ಎಂಬ ಗುಂಡಿ ಒತ್ತಿದೆನೋ ಇಲ್ಲವೋ, ಸಿಸ್ಟರ್ ಕನ್ನಡಕವನ್ನು ಪೆಟ್ಟಿಗೆಯಿಂದ ಹೊರತೆಗೆಯುವಷ್ಟರಲ್ಲಿ ತಾವು ಕೆಲಸ ಮುಗಿಸಿ 'ಯಶಸ್ವಿಯಾಗಿದೆ' ಎಂದು ಹಸಿರು ಅಕ್ಷರದಲ್ಲಿ ಬೀಗಿದಿರಿ. ಮೂವರೂ ಪರದೆಯನ್ನೇ ನೋಡಿದರು. ಟೈಲರ್ ಸೂಜಿಯಿಂದ ದಾರವನ್ನು ವಾಪಸ್ ಎಳೆದುಕೊಂಡರು. "ಮುಗೀತಾ? ಹಾಗಾದ್ರೆ ನಾವ್ಯಾಕೆ ಇಲ್ಲಿ?" ಎಂದು ಅಂಚೆಯಣ್ಣ ಎದ್ದರು. ಸಿಸ್ಟರ್ ಕನ್ನಡಕವನ್ನು ಮತ್ತೆ ಪೆಟ್ಟಿಗೆಯೊಳಗೆ ಮಲಗಿಸಿ, ಮುಚ್ಚಳವನ್ನು ಟಪ್ ಎಂದು ಮುಚ್ಚಿ, "ಒಳ್ಳೇದಾಯ್ತು ಬಿಡಿ, ನಿಮಗೂ ರೆಸ್ಟು" ಎಂದು ಮೆಟ್ಟಿಲು ಹತ್ತಿದರು. ರೆಸ್ಟು! ನನಗೆ! ಮೇಜಿನ ಕುಂಟುಗಾಲಿಗೆ ಕೊಟ್ಟಿದ್ದ ರಟ್ಟಿನ ಚೂರಿಗೂ ನನಗೂ ಅಂದು ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ.

ಅದರ ಮುಂದಿನ ಶನಿವಾರ ಯಾರೂ ಬರಲೇ ಇಲ್ಲ. ಎಲ್ಲರ ಪುಟಗಳೂ ಬೆಳಿಗ್ಗೆಯೇ ಫೋನಿಗೆ ಬಂದು ಬಿದ್ದವು, ಒಬ್ಬರಂತೂ ಹೆಬ್ಬೆರಳಿನ ಚಿತ್ರ ಬೇರೆ ಕಳಿಸಿದ್ದರು. ನಾನು ಆ ಕೋಣೆಯಲ್ಲಿ ಒಬ್ಬನೇ ಕೂತು, ನಾಲ್ಕು ಕುರ್ಚಿಗಳಲ್ಲೂ ಸರದಿಯ ಮೇಲೆ ಕೂತು ನೋಡಿ, ತಮಗೆ ಕೆಲವು ಮನವಿಗಳನ್ನು ಮನಸ್ಸಿನಲ್ಲೇ ಸಿದ್ಧಪಡಿಸಿದೆ. ತಾವು ದಯಮಾಡಿ ಸ್ವಲ್ಪ ನಿಧಾನಿಸಬೇಕು. ಮಧ್ಯೆ ಮಧ್ಯೆ 'ಇದು ನನ್ನೊಬ್ಬನಿಂದ ಆಗದು, ಮೂರನೇ ಮಹಡಿಯವರನ್ನು ಕರೆಯಿರಿ' ಎಂಬ ಸೂಚನೆ ತೋರಿಸಬೇಕು. ಟೈಲರಿಗೆ ಗೌರವಾರ್ಥವಾಗಿ ಒಂದೆರಡು ಟಾಕುಗಳನ್ನು ಬಾಕಿ ಬಿಡಬೇಕು. 'ಎ ಸ್ಟಿಚ್ ಇನ್ ಟೈಮ್ ಸೇವ್ಸ್' ಏಳೋ ಒಂಬತ್ತೋ ಎಂದು ನಾವು ಓದಿದ್ದೆವು. ಒಂದು ಹೊಲಿಗೆಯೇ ಅಷ್ಟು ಉಳಿಸುವುದಾದರೆ ತಮ್ಮ ಅಗತ್ಯವಾದರೂ ಏನಿತ್ತು ಎಂದೂ ಕೇಳಬೇಕೆಂದಿದ್ದೆ. ಆದರೆ ತಾವು ಎಂದಿನಂತೆ ಚಕ್ಕನೆ ಜೋಡಿಸಿ ಹಸಿರಾಗಿ ನಕ್ಕುಬಿಟ್ಟಿರಿ, ನಾನೂ ಕಡತವನ್ನು ಮೂಲೆಯ ಜೆರಾಕ್ಸ್ ಅಂಗಡಿಗೆ ಕಳಿಸಿದೆ.

ಇಲ್ಲಿಂದ ಮುಂದೆ ನನ್ನ ದೂರು ಹೊಗಳಿಕೆಯಾಗುತ್ತದೆ, ಹೆದರಬೇಡಿ.

ತಮಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ ಎಂಬುದು ನನಗೆ ಭಾನುವಾರ ಬೆಳಿಗ್ಗೆ ತಿಳಿಯಿತು. ಈ ಸಲ ಮಗಳ ಅಂಕಿಗಳಿಲ್ಲದ್ದರಿಂದ ತಾವು ಪುಟಗಳನ್ನು ಕಡತದ ಹೆಸರಿನ ಅಕ್ಷರಾನುಕ್ರಮದಲ್ಲಿ, ಶಾಲೆಯ ಹಾಜರಿ ಕೂಗುವಂತೆ, ಸಾಲಾಗಿ ನಿಲ್ಲಿಸಿದ್ದಿರಿ. ಪರಿಣಾಮವಾಗಿ, ಮದುವೆಯಾಗಿ ಐವತ್ತು ವರ್ಷ ತುಂಬಿದ ನೆಲಮಹಡಿಯ ದಂಪತಿಗಳ ಅಭಿನಂದನೆಯ ಪುಟ 'ಇಂಥ ಜೋಡಿಗಳು ನಮ್ಮ ಕಟ್ಟಡದಲ್ಲಿ' ಎಂದು ಮುಗಿದು, ಮುಂದಿನ ಪುಟ 'ಕಂಡುಬಂದಲ್ಲಿ ಕೂಡಲೇ ಔಷಧಿ ಸಿಂಪಡಿಸಿ, ಅಡುಗೆಮನೆಯ ಬಾಗಿಲನ್ನು ಭದ್ರವಾಗಿ ಮುಚ್ಚಿ' ಎಂದು ಆರಂಭವಾಗಿತ್ತು. ಅದು ಜಿರಳೆಗಳ ಕುರಿತ ಪ್ರಕಟಣೆಯ ಎರಡನೇ ಪುಟ. ಸಿಸ್ಟರ್ ಬರೆದ ಆರೋಗ್ಯ ಲೇಖನ 'ಮೆಟ್ಟಿಲು ಹತ್ತುವ ಮೊದಲು ಪ್ರತಿದಿನ ಮೊಣಕಾಲಿಗೆ' ಎನ್ನುವಲ್ಲಿಗೆ ತಿರುವು ತೆಗೆದುಕೊಂಡು 'ದಪ್ಪ ಗ್ರೀಸು ಬಳಿದು, ಸವೆದ ಸರಪಳಿ ಬದಲಿಸಿ, ಸಾಧ್ಯವಾದರೆ ಹೊಸ ಮೋಟರು ಕೂರಿಸಬೇಕೆಂದು ಲಿಫ್ಟಿನ ಮೆಕ್ಯಾನಿಕ್ ತಿಳಿಸಿದ್ದಾರೆ' ಎಂದು ಸಂಪನ್ನಗೊಂಡಿತ್ತು.

ಮಹಾಶಯರೇ, ನಮ್ಮ ಪತ್ರಿಕೆಯನ್ನು ಕಟ್ಟಡದ ಜನ ಪೂರ್ತಿ ಓದಿದ್ದು ಅದೇ ಮೊದಲು. ಅಲ್ಲಿಯವರೆಗೆ ಅದು ಬಹುತೇಕ ಕಪಾಟಿನ ತಳಕ್ಕೆ ಹಾಸುವ ಸಾಹಿತ್ಯವಾಗಿತ್ತು. ಬಾಲ್ಕನಿಯಿಂದ ಬಾಲ್ಕನಿಗೆ ನಗು ಹಾರಾಡಿತು. ಐವತ್ತು ವರ್ಷ ದಾಂಪತ್ಯದ ಆ ಗಂಡ ನನ್ನ ಬಾಗಿಲಿಗೇ ಬಂದು ಇನ್ನೊಂದು ಪ್ರತಿ ಕೇಳಿದರು. ಹಿಂದೆಯೇ ಬಂದ ಹೆಂಡತಿ, "ಎಷ್ಟ್ ಔಷಧಿ ಹೊಡೆದ್ರೂ ಇವರು ಅಡುಗೆಮನೆ ಬಿಟ್ಟು ಹೋಗಲ್ಲ ಸಾರ್, ನಾನು ನೋಡಿಯಾಯ್ತು" ಎಂದರು. ಅಂಚೆಯಣ್ಣ ಮಾತ್ರ ಅವಮಾನದಿಂದ ಕುದಿಯುತ್ತ ಬಂದು, "ಇಡೀ ಸರ್ವಿಸಲ್ಲಿ ಒಂದು ಕಾಗದಾನೂ ತಪ್ಪು ಮನೆಗೆ ಹಾಕಿದವನಲ್ಲ ನಾನು. ಇವತ್ತು ಜಿರಳೆ ಔಷಧೀನ ಮದುವೆ ಮನೆಗೆ ಹಾಕ್ಬಿಟ್ನಲ್ರೀ!" ಎಂದು ನನ್ನ ಕುರ್ಚಿಯಲ್ಲಿ ಕುಸಿದರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ನನಗೆ ಗುರುತಿದ್ದ ಹೆಜ್ಜೆಯ ಸಪ್ಪಳ ಕೇಳಿಸಿತು. ಸಿಸ್ಟರ್ ಒಂದು ಕೈಯಲ್ಲಿ ಪತ್ರಿಕೆ, ಇನ್ನೊಂದು ಕೈಯಲ್ಲಿ ಕೆಂಪು ಪೆನ್ಸಿಲ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಯಾರ್ರೀ ಇದನ್ನ ಜೋಡಿಸಿದ್ದು? ಬೆಳಿಗ್ಗೆಯಿಂದ ಮೂರು ಜನ ಬಂದು ಯಾವ ಕಂಪನಿ ಗ್ರೀಸು ಅಂತ ಕೇಳ್ಕೊಂಡು ಹೋದ್ರು!" ಎಂದರು. ನಾನು ಪರದೆಯ ಎಡಮೂಲೆಯ ಕಡೆಗೆ ಬೆರಳು ತೋರಿಸಿದೆ. ಅವರು ತಮ್ಮನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಗಂಭೀರವಾಗಿರಲು ಬಹಳ ಪ್ರಯತ್ನಪಟ್ಟು, ಸೋತು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. "ಶನಿವಾರ ಬರ್ತೀನಿ. ಈ ರೋಗಿಯನ್ನ ಒಬ್ಬನ್ನೇ ಬಿಡೋ ಹಾಗಿಲ್ಲ" ಎಂದರು. ಆ ರೋಗಿ ತಾವೋ ನಾನೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕಳೆದ ಶನಿವಾರ ನಾಲ್ವರೂ ಕೂತೆವು. ಕೊನೆಯ ಸಾಲು ಅವರು, ಮೊದಲ ಸಾಲು ನಾನು. ಸರಿಯಾದ ಕ್ರಮ ನಮ್ಮದು, ಜೋಡಣೆ ತಮ್ಮದು. ಟಾಕು ಹಾಕುವ, ಬಿಚ್ಚುವ, ಮತ್ತೆ ಹಾಕುವ ಕೆಲಸವನ್ನೆಲ್ಲ ತಾವು ಹೊತ್ತುಕೊಂಡ ಕಾರಣ, ಕಿಟಕಿಯ ಬಿಸಿಲು ಮೇಜಿನ ನಡುವಿಗೆ ಬರುವ ಮೊದಲೇ ಪತ್ರಿಕೆ ಮುಗಿದುಹೋಯಿತು. ನಾನು ಯಾರ ಮುಖವನ್ನೂ ನೋಡಲಿಲ್ಲ. ಕುರ್ಚಿ ಎಳೆಯುವ ಸದ್ದಿಗಾಗಿ ಕಾದೆ. ಬರಲಿಲ್ಲ. ಟೈಲರ್, "ಇನ್ನೇನ್ ಮಾಡೋದು?" ಎಂದರು. ಸಿಸ್ಟರ್ ಮೇಜಿನ ಮೇಲಿದ್ದ ಅಷ್ಟೂ ಹಾಳೆಗಳನ್ನು ಎಳೆದುಕೊಂಡು, ಇಸ್ಪೀಟು ಕಲಸಿದ ಹಾಗೆ ಕಲಸಿ, ಮೇಲಿನ ಪುಟದ ಕೊನೆಯ ಸಾಲನ್ನು ಜ್ವರದ ಪಟ್ಟಿಯ ಧಾಟಿಯಲ್ಲೇ ಓದಿದರು: "ನಾಲ್ಕನೇ ಮಹಡಿಯ ನವಜಾತ ಅವಳಿ ಶಿಶುಗಳಿಗೆ..." ಕೈಗೆ ಸಿಕ್ಕಿದ ಪುಟದ ಮೊದಲ ಸಾಲನ್ನು ನಾನು ಓದಿದೆ: "ನೀರಿನ ಶುಲ್ಕ ಪಾವತಿಸಲು ಇದು ಅಂತಿಮ ಎಚ್ಚರಿಕೆ." ಅಂಚೆಯಣ್ಣನಿಗೆ ಬಿಕ್ಕಳಿಕೆ ಬಂದಿತು. ಟೈಲರ್ ಮೇಜು ಬಡಿದು "ಕೂತ್ಕೊಳ್ತು!" ಎಂದು ಕೂಗಿದ ರಭಸಕ್ಕೆ ಕುಂಟುಗಾಲಿನ ಕೆಳಗಿನ ರಟ್ಟು ಹಾರಿಹೋಯಿತು. ಬಿಸಿಲು ಮೇಜಿನಿಂದ ಇಳಿದುಹೋದದ್ದನ್ನು ಅಂದು ಯಾರೂ ಗಮನಿಸಲಿಲ್ಲ. ನನ್ನಾಕೆ ಇದ್ದಿದ್ದರೆ ಐದನೇ ಕುರ್ಚಿ ಹಾಕಿಸಿಕೊಂಡು ಎಲ್ಲರಿಗಿಂತ ಗಟ್ಟಿಯಾಗಿ ಓದುತ್ತಿದ್ದಳು ಎಂದುಕೊಂಡೆ. ಹಾಗೆ ಅಂದುಕೊಂಡಾಗ ನಗುತ್ತಲೇ ಇದ್ದೆ ಎಂಬುದು ಆಮೇಲೆ ಹೊಳೆಯಿತು.

ಆದ್ದರಿಂದ, ತಾವು ಉಳಿಸಿದ್ದೇವೆಂದು ಹೇಳಿಕೊಂಡ ಸಮಯವನ್ನು ನಾಲ್ವರು ಸಾಕ್ಷಿಗಳ ಸಮಕ್ಷಮದಲ್ಲಿ, ಪಿಂಗ್‌ಪಾಂಗ್ ಮೇಜಿನ ಮೇಲೆ ಸುರಿದು, ತೂಗಿ ನೋಡಲಾಗಿದೆ. ತೂಕ ಸರಿಯಾಗಿದೆ. ಹಿಡಿಯಷ್ಟು ಹೆಚ್ಚೇ ಇದೆ. ಈ ಮೂಲಕ ತಮಗೆ ನನ್ನ ಮುದ್ರೆ ಒತ್ತಿದ್ದೇನೆ; ಇಲಾಖೆ ಒಪ್ಪುವುದೋ ಇಲ್ಲವೋ, ಐ ಡೋಂಟ್ ಕೇರ್ ಎ ಫಿಗ್ ಆರ್ ಎ ಫಿಗ್ ಟ್ರೀ.

ಇಂತು, ಆನ್ ದಿ ಅದರ್ ಹ್ಯಾಂಡ್,
ತಮ್ಮ ವಿಶ್ವಾಸಿ,
ಎರಡನೇ ಮಹಡಿಯ ತಕ್ಕಡಿ ಸಾಹೇಬ

ತಾ.ಕ.: ಕೆಲಸ ಮುಗಿದಾಗಲೆಲ್ಲ ತಾವು ಮೂಲೆಯಲ್ಲೊಂದು ಲೋಟದ ಚಿತ್ರ ತೋರಿಸಿ 'ನಮಗೊಂದು ಕಾಫಿ ಕೊಡಿಸಿ' ಎಂದು ಸಂಕೋಚದಿಂದ ಕೇಳುತ್ತೀರಿ. ಅವಶ್ಯ ಕೊಡಿಸುತ್ತೇವೆ. ಆದರೆ ಕಾಫಿಯನ್ನು ತಂತಿಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಶನಿವಾರ ಮಧ್ಯಾಹ್ನ ಖುದ್ದಾಗಿ ಬಂದು ಕುಡಿಯತಕ್ಕದ್ದು. ಲಿಫ್ಟು ಕೆಟ್ಟಿದೆ, ನೆಲಮಹಡಿಯಾದ್ದರಿಂದ ಮೊಣಕಾಲಿಗೆ ಗ್ರೀಸು ಬೇಕಾಗಲಾರದು. ಮತ್ತು, ತಮ್ಮ ಮುಂದಿನ ಅಪ್‌ಡೇಟಿನಲ್ಲಿ ಕೊನೆಯ ಸಾಲನ್ನೂ ಮೊದಲ ಸಾಲನ್ನೂ ತಾವೇ ಓದಿ ಹೊಂದಿಸುವ ಸೌಲಭ್ಯ ಬರಲಿದೆಯೆಂದು ಮಗಳು ಹೇಳಿದಳು. ಮೋಸದ ತಕ್ಕಡಿಗಳನ್ನು ನಡುರಸ್ತೆಯಲ್ಲಿ ಜಪ್ತಿ ಮಾಡಿದ ಕೈ ಇದು, ಇನ್ನೂ ನಡುಗುತ್ತಿಲ್ಲ ಎಂಬುದನ್ನು ಸ್ನೇಹಪೂರ್ವಕವಾಗಿ ನೆನಪಿಸುತ್ತೇನೆ. ಆ ಮೊದಲ ಸಾಲು ನನ್ನದು, ಅದನ್ನು ಮುಟ್ಟಬೇಡಿ.