ಹನ್ನೆರಡು ಮೊಳದ ಹಳದಿ ಪರದೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೂಗು ನನ್ನದೇ. ಉಳಿದದ್ದೆಲ್ಲ ಚೆನ್ನಾಗಿದೆ.

ಈ ಸುದ್ದಿಯನ್ನು ನಮ್ಮೂರು ಮಾನ್ವಿಗೆ ಮರಳಿದ ಕೂಡಲೇ ಬಸ್ ನಿಲ್ದಾಣದಲ್ಲಿ ಗುರುತಿದ್ದವರಿಗೂ ಇಲ್ಲದವರಿಗೂ ಹೇಳಿದ್ದಾಯಿತು. ಕಂಡಕ್ಟರನಿಗೆ ಎರಡು ಸಲ ಹೇಳಿದೆ. ಈಗ ಬರೆದು ಹೇಳುತ್ತಿದ್ದೇನೆ. ಮೂರನೇ ಇಯತ್ತೆಯವರೆಗೆ ಶಾಲೆ ಕಲಿತವನ ಬರಹ. ತಪ್ಪಿದ್ದರೆ ಕೂಸಿನ ಮುಖ ನೋಡಿ ಮಾಫಿ ಮಾಡಬೇಕು.

ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ಪದ್ಧತಿ. ಆದರೆ ಮಗಳು ಲಕ್ಷ್ಮಿ ರಾಯಚೂರಿನ ಸರಕಾರಿ ಕಚೇರಿಯಲ್ಲಿ ಟೈಪಿಸ್ಟ್. ಡಾಕ್ಟರಮ್ಮ ಬಸ್ಸಿನ ಕುಲುಕಾಟ ಬೇಡವೆಂದರು. ಹೀಗಾಗಿ ತವರುಮನೆಯೇ ಬಸ್ಸು ಹತ್ತಿ ರಾಯಚೂರಿಗೆ ಬಂತು. ತವರುಮನೆ ಎಂದರೆ ನಾನು, ನನ್ನ ಹೆಂಡತಿ ದುರುಗವ್ವ ಮತ್ತು ಒಂದು ಚೀಲ ಅಕ್ಕಿ.

ಮಗಳ ಮನೆ ನಿಜಾಮರ ಕಾಲದ ದೊಡ್ಡ ಕಟ್ಟಡದ ಮೇಲಂತಸ್ತಿನಲ್ಲಿದೆ. ಈಗ ಅದನ್ನು ಪಾಲು ಮಾಡಿ ಎಂಟು ಸಂಸಾರ ಇಟ್ಟಿದ್ದಾರೆ. ಗೋಡೆಗಳನ್ನು ಪಾಲು ಮಾಡಿದರು, ಎರಡಾಳೆತ್ತರದ ಕಿಟಕಿಗಳನ್ನು ಹಾಗೇ ಬಿಟ್ಟರು. ಆಗಿನವರು ಒಂಟೆಯ ಮೇಲೆ ಕೂತೇ ಇಣುಕುತ್ತಿದ್ದರೋ ಏನೋ! ಮಧ್ಯಾಹ್ನ ದಾಟಿದರೆ ಸಾಕು, ಬಿಸಿಲು ನೇರವಾಗಿ ಬಾಣಂತಿಯ ಮಂಚದ ಮೇಲೆ ಬಂದು ಕೂರುತ್ತದೆ. ಮಂಚ ಸರಿಸೋಣವೆಂದರೆ ಬೇರೆ ಜಾಗವಿಲ್ಲ.

“ನಾಳಿ ನಾಕಕ್ಕ ಕೂಸು ದವಾಖಾನಿಂದ ಬರತದ. ಅಷ್ಟರಾಗ ಪರದಾ ಆಗಬೇಕು,” ಎಂದಳು ದುರುಗವ್ವ. “ಅಳಿಯ ಬರಲಿ, ನೀವೊಬ್ಬರೇ ಮಾಡಾಕ ಹೋಗಬ್ಯಾಡ್ರಿ.”

ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವನು ನಾನು. ಸಾವಿರಾರು ಗೋಣಿಚೀಲ ಹೊಲಿದ ಕೈಗೆ ಒಂದು ಪರದೆ ಯಾವ ಲೆಕ್ಕ?

ಅಳತೆ ತೆಗೆಯಲು ಹೋದರೆ ಕಿಟಕಿಯ ತುದಿ ಎಟುಕಲಿಲ್ಲ. ಏಣಿ ಕೆಳಗಿನ ನರ್ಸಮ್ಮನ ಮನೆಯಲ್ಲಿತ್ತು. ಬುದ್ಧಿ ಇದ್ದವರು ಅಲ್ಲಿಗೆ ಹೋಗುತ್ತಿದ್ದರು. ನಾನು ನೆಲ ನೋಡಿದೆ. ಸಂಜೆಯ ಬಿಸಿಲು ಇಡೀ ಕಿಟಕಿಯ ನಕಲು ತೆಗೆದು, ಸರಳುಗಳ ಸಮೇತ, ನನಗಾಗಿಯೇ ನೆಲದ ಮೇಲೆ ಹಾಸಿತ್ತು. ಇನ್ನೇನು ಬೇಕು? ಮಂಡಿಯೂರಿ ಬಿಸಿಲನ್ನೇ ಅಳೆದೆ. ಬರೋಬ್ಬರಿ ಹನ್ನೆರಡು ಮೊಳ!

ಅರಿವೆ ಅಂಗಡಿಯಲ್ಲಿ ಬಿಳಿ ಬೇಡವೆಂದೆ, ಮಾಸುತ್ತದೆ. ಕರಿ ಬೇಡ, ಕೂಸಿನ ಮನೆ. ಹಳದಿ ತೆಗೆಸಿದೆ. ಅರಿಶಿಣದ ಬಣ್ಣಕ್ಕಿಂತ ಶುಭವಾದದ್ದು ಯಾವುದಿದೆ? ಅಂಗಡಿಯವರು ಮನೆಯಲ್ಲಿ ಮದುವೆಯೇ ಎಂದು ಕೇಳಿದರು. ಮೊಮ್ಮಗಳು ಎಂದೆ. ಮೂಗಿನ ವಿಷಯವನ್ನೂ ಹೇಳಿದೆ.

ರಾತ್ರಿ ಮಲಗುವ ಮೊದಲೇ ದಬ್ಬಣದಿಂದ ಅಂಚು ಹೊಲಿದೆ. ಮರುದಿನ ಏಣಿ ತಂದು ಹಗ್ಗಕ್ಕೆ ಇಳಿಬಿಟ್ಟರೆ ಕಿಟಕಿ ಮುಗಿಯಿತು, ಪರದೆ ಮುಗಿಯಲಿಲ್ಲ. ಐದು ಮೊಳ ನೆಲದ ಮೇಲೆ ಹರಿದಾಡಿತು. ಸಂಜೆಯ ಬಿಸಿಲು ಉದ್ದಕ್ಕೆ ಚಾಚುತ್ತದೆಂಬ ಸಂಗತಿ ಏಣಿಯ ಮೇಲೆ ನಿಂತಾಗ ಹೊಳೆಯಿತು. ಹೊಲಿದದ್ದನ್ನು ಕತ್ತರಿಸಲು ಮನಸ್ಸು ಬರಲಿಲ್ಲ. ಎತ್ತಿ ಎರಡು ಪದರ ಮಾಡಿಬಿಟ್ಟೆ. ಹಳದಿಯ ಮೇಲೆ ಹಳದಿ. ಭದ್ರವಾಯಿತು!

ನಾಲ್ಕಕ್ಕೆ ಕೂಸು ಬಂತು. ಅಳಿಯ, ಮಗಳು, ದೇವದುರ್ಗದಿಂದ ಬಂದ ಬೀಗತಿ ಹನುಮವ್ವ. ನಾನು ಪರದೆಯ ಪಕ್ಕದಲ್ಲಿ ಹೊಗಳಿಕೆಗೆ ಕಾದು ನಿಂತೆ. ಹನುಮವ್ವ ಕೂಸಿನ ಮೇಲಿನ ಬಟ್ಟೆ ಸರಿಸಿದಳು. ಅಂಗೈ ಬಿಡಿಸಿ ನೋಡಿದಳು, ಉಗುರು ನೋಡಿದಳು.

“ಯವ್ವಾ, ಇಲ್ಲಿ ನೋಡ್ರಿ. ಕೂಸಿನ ಕಣ್ಣು ಅರಿಶಿಣ ಬಳದಂಗ ಆಗ್ಯಾವ. ಇದು ಕಾಮಾಲಿನ.”

ದುರುಗವ್ವ ಗೋಡೆ ಹಿಡಿದು ಕೂತಳು. ದವಾಖಾನೆಯಲ್ಲಿ ಚೆನ್ನಾಗೇ ಇದ್ದಳಲ್ಲ ಎಂದು ಮಗಳು ಅಳತೊಡಗಿದಳು. ಅಳಿಯ ಮತ್ತೆ ಟಾಂಗಾ ತರಲು ಓಡಿದ. ಮೂರು ದಿನದ ಜೀವ. ಹೇಗೆ ಇಳಿದೆನೋ, ಡ್ಯೂಟಿ ಮುಗಿಸಿ ತಡವಾಗಿ ಊಟಕ್ಕೆ ಕೂತಿದ್ದ ಕೆಳಗಿನ ನರ್ಸಮ್ಮನನ್ನು ತಾಟಿನ ಮುಂದಿನಿಂದಲೇ ಎಬ್ಬಿಸಿ ತಂದೆ.

ಆಕೆ ಕೂಸನ್ನು ನೋಡಿದರು. ಅಳುತ್ತಿದ್ದ ಮಗಳನ್ನು ನೋಡಿದರು. ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದರು.

“ಅಜ್ಜಾರ, ನಿಮ್ಮ ಹಲ್ಲೂ ಹಳದಿ ಅದಾವಲ್ಲ.”

“ಅವು ತಂಬಾಕಿನವು ರೀ.”

“ಧೋತ್ರ?”

ಧೋತರ ನೋಡಿಕೊಂಡೆ. ಬೆಳಿಗ್ಗೆ ಉಟ್ಟ ಬಿಳಿ ಧೋತರಕ್ಕೂ ಕಾಮಾಲೆಯಾಗಿತ್ತು!

ನರ್ಸಮ್ಮ ಕೂಸನ್ನೆತ್ತಿಕೊಂಡು ವರಾಂಡಕ್ಕೆ ನಡೆದರು. ನಾವೂ ಹಿಂದೆ ಹೋದೆವು. ಹೊರಗಿನ ಬೆಳಕಿನಲ್ಲಿ ಕಣ್ಣು, ಅಂಗೈ, ಉಗುರು ಎಲ್ಲ ತಿರುವಿ ನೋಡಿ, ಏನೂ ಆಗಿಲ್ಲ, ಪರದೆ ಬಿಚ್ಚಿ ಎಂದರು. ಮೊಮ್ಮಗಳು ಕೆಂಪಗೆ, ಈಗಷ್ಟೇ ತೊಳೆದ ಗಜ್ಜರಿಯಂತೆ ಇದ್ದಳು. ನಾನು ನರ್ಸಮ್ಮನಿಗೆ ಕೈ ಮುಗಿದೆ. ಏಣಿಗೂ ಮುಗಿಯಬೇಕೆನಿಸಿತು. ನನ್ನ ಬುದ್ಧಿಗೆ ಕಾಮಾಲೆಯಾಗಲಿ, ಕೂಸಿಗೆ ಇಲ್ಲವಲ್ಲ! ಅಷ್ಟು ಸಂತೋಷ ನನಗೆ ಪಗಾರ ಬಂದ ದಿನವೂ ಆಗಿರಲಿಲ್ಲ.

ದುರುಗವ್ವ ನನ್ನ ಹಳೆಯ ಬಿಳಿ ಧೋತರವನ್ನು ಕಿಟಕಿಗೆ ಕಟ್ಟಿಸಿದಳು. ಅಳತೆಯಿಲ್ಲದೆ. ಕೆಲಸ ಮುಗಿಯಲು ಒಂದು ಬೀಡಿ ಸೇದುವಷ್ಟು ಹೊತ್ತು ಹಿಡಿಯಿತು.

ಅಂದು ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಕೂಸು ಮಗಳ ಪಕ್ಕದಲ್ಲಿ ನಿದ್ದೆ ಮಾಡುತ್ತಿತ್ತು. ನರ್ಸಮ್ಮನನ್ನೂ ಬಿಡದೆ ಕರೆತಂದೆವು. ಆಕೆಯ ಮಧ್ಯಾಹ್ನದ ಊಟ ನಾನೇ ತಪ್ಪಿಸಿದ್ದೆ. ರೊಟ್ಟಿ, ಪುಂಡಿಪಲ್ಯ, ನಮ್ಮ ಮಾನ್ವಿ ಅಕ್ಕಿಯ ಅನ್ನ. ದುರುಗವ್ವ ನನ್ನ ಅನ್ನದ ಮೇಲೆ ಬೇಳೆ ಸುರಿಯುತ್ತಾ ಸಮಾಧಾನವಾಗಿ ಹೇಳಿದಳು:

“ಇದು ಬ್ಯಾಳಿ ರೀ. ಮೊದಲಿಂದಲೂ ಹಳದೀನ ಅದ. ಅಂಜಬ್ಯಾಡ್ರಿ.”

ಎಲ್ಲರೂ ನಕ್ಕರು. ಅತ್ತು ದಣಿದಿದ್ದ ಮಗಳೂ ನಕ್ಕಳು. ನಾನು ತಲೆ ಬಗ್ಗಿಸಿ, ಇನ್ನೊಂದು ಸೌಟು ಹಾಕು ಎಂದೆ.