ಸೌತೆಕಾಯಿ ಸರ್ಟಿಫಿಕೇಟು

ಕೊಡಿಗೇನಹಳ್ಳಿಯ ಯತ್ತಪ್ಪನಿಗೆ ಮುಕ್ಕಾಲು ಎಕರೆ ಸೌತೆಕಾಯಿಗಿಂತ, ಹದಿನೆಂಟು ಕುರಿಗಳಿಗಿಂತ (ಹೆಂಡತಿ ಕೇಳಿಸಿಕೊಳ್ಳದಿದ್ದರೆ, ಅವಳಿಗಿಂತಲೂ) ಪ್ರಿಯವಾದದ್ದು ಅವನ ಮೀಸೆ. ಅಪ್ಪ ಕುರಿ ಕೊಟ್ಟ, ಮಾವ ಹೆಣ್ಣು ಕೊಟ್ಟ, ಮೀಸೆ ಮಾತ್ರ ಸ್ವಯಾರ್ಜಿತ ಆಸ್ತಿ. ದಿನಾ ಬೆಳಿಗ್ಗೆ ಕುರಿಗೆ ನೀರು ತೋರಿಸುವ ಮೊದಲು ಮೀಸೆಗೆ ಹರಳೆಣ್ಣೆ ತೋರಿಸುತ್ತಿದ್ದ.

ಇಂಥವನ ಹೊಟ್ಟೆಗೆ ಬೆಂಕಿ ಬಿದ್ದದ್ದು ಹುಲಿಕುಂಟೆಯ ಭಾಮೈದನಿಂದ. ಹೆಂಡತಿ ರಂಗಕ್ಕನ ತಮ್ಮ ಸುನಿಲ್‌ಕುಮಾರ್ ತುಮಕೂರಿನ ಯಾವುದೋ ತರಕಾರಿ ಕಂಪನಿಯಿಂದ ಶುಚಿತ್ವದ ಸರ್ಟಿಫಿಕೇಟು ಪಡೆದು, ಫೋಟೋ ಸಮೇತ ಫ್ರೇಮ್ ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ್ದ. ಹಸಿಯಾಗಿ ತಿನ್ನುವ ತರಕಾರಿಯನ್ನು ಕ್ರಮವಾಗಿ ಬೆಳೆದು, ತೊಳೆದು, ಪ್ಯಾಕು ಮಾಡುವವರಿಗೆ ಮಾತ್ರ ಸಿಗುವಂಥದ್ದು ಅದು. 'ಮೇಲ್ವಿಚಾರಕರು' ಅಂತ ಬಿರುದು ಬೇರೆ. ಅವನ ಮಗುವಿನ ನಾಮಕರಣದ ಊಟಕ್ಕೆ ಹೋದ ಯತ್ತಪ್ಪ ಆ ಗೋಡೆಯ ಕಡೆ ತಲೆಯನ್ನೇ ಎತ್ತಲಿಲ್ಲ. ಪುಣ್ಯಕ್ಕೆ ಅವನಿಗೊಂದು ಸಮಾಧಾನ ಸಿಕ್ಕಿತು: ಭಾಮೈದನ ಮೀಸೆ ಮಾಯವಾಗಿತ್ತು. ತಿರುಪತಿಗೆ ಹರಕೆ ಇತ್ತು ಅಂದ ಅವನು.

“ತಲೇಲಿ ಕೂದ್ಲು ಅಂಗೇ ಐತೆ, ಮೀಸೆ ಒಂದೇ ಇಸ್ಕೊಂಡ ದೇವ್ರು ಯಾವನ್ಲಾ?” ಎಂದು ಯತ್ತಪ್ಪ ಪಂಕ್ತಿಯೆಲ್ಲ ಕೇಳುವಂತೆ ಕೇಳಿದ. ಎಲೆ ಮುಂದೆ ಕೂತವರೆಲ್ಲ ನಕ್ಕರು. ಸುನಿಲ್ ಪಾಯಸದ ಬಕೀಟು ಹಿಡಿದುಕೊಂಡು ಆಚೆ ಸಾಲಿಗೆ ಹೋದ.

ನಕ್ಕಿದ್ದೇನೋ ಆಯಿತು, ಫ್ರೇಮು ಮಾತ್ರ ಕಣ್ಣಲ್ಲಿ ಚುಚ್ಚುತ್ತಲೇ ಇತ್ತು. ಅದೇ ವಾರ ಯತ್ತಪ್ಪನೂ ಕಂಪನಿಗೆ ಹೆಸರು ಕೊಟ್ಟ. ಮಧುಗಿರಿಯಲ್ಲಿ ಒಂದು ದಿನದ ತರಬೇತಿ ಇತ್ತು. ಬೆಳಿಗ್ಗೆ ಕೈ, ಉಗುರು, ಒಡವೆಗಳ ಪಾಠ. ಮಧ್ಯಾಹ್ನ ಮುಖದ ಪಾಠ. ನಡುವೆ ಮುದ್ದೆ ಊಟ ಇಟ್ಟದ್ದು ಕಂಪನಿಯವರದೇ ತಪ್ಪು. ಎರಡು ಮುದ್ದೆ ಇಳಿಸಿದ ಯತ್ತಪ್ಪ ಮುಖದ ಪಾಠವನ್ನೆಲ್ಲ ಕಣ್ಣು ಮುಚ್ಚಿಕೊಂಡೇ, ಗೊರಕೆ ಸಮೇತ ಕೇಳಿದ.

ಊರಿಗೆ ಮರಳಿದವನು ಯತ್ತಪ್ಪನಲ್ಲ, ಆಹಾರ ಸುರಕ್ಷತಾ ಸಾರ್ವಭೌಮ. ಹಳೇ ಶೆಡ್ಡಿಗೆ ಸುಣ್ಣ ಬಳಿಸಿದ, ಕಿಟಕಿಗೆ ಜಾಲರಿ ಹೊಡೆಸಿದ, ಕುರಿಗಳನ್ನು ಬೇಲಿಯಾಚೆ ಗಡೀಪಾರು ಮಾಡಿದ. ರಂಗಕ್ಕನೂ, ಕೂಲಿಗೆ ಬರುವ ದೊಡ್ಡಕ್ಕನೂ ಸೋಪು ಹಾಕಿ ಇಪ್ಪತ್ತು ಎಣಿಸುವವರೆಗೆ ಕೈ ಉಜ್ಜಬೇಕು. ಎಣಿಸುವ ಹೊಣೆ ಸಾರ್ವಭೌಮರದು. (ಕುರಿ ಎಣಿಸಿ ರೂಢಿಯಾದವನು ಹದಿನೆಂಟಕ್ಕೇ ನಿಂತುಬಿಡುತ್ತಿದ್ದ.) ದೊಡ್ಡಕ್ಕನ ಎಲೆಯಡಿಕೆ ಸಂಚಿ ಮುಟ್ಟುಗೋಲಾಯಿತು. ರಂಗಕ್ಕನ ಮುಡಿಯ ಕನಕಾಂಬರ ಇಳಿಯಿತು. ಆಮೇಲೆ ಅವನ ಕಣ್ಣು ಬಳೆಯ ಮೇಲೆ ಬಿತ್ತು.

“ಬಳೆ ತೆಗಿ.”

“ನೀನು ಗುಂಡುಕಲ್ಲಂಗೆ ಮುಂದ್ಗಡೆ ನಿಂತಿರೋವಾಗ ನಾನ್ಯಾಕೆ ಬಳೆ ತೆಗೀಲಿ?”

“ಗಾಜು ಒಡ್ದು ಸೌತೆಕಾಯಿ ಜೊತೆ ಸೇರ್ಕೊಂಡ್ರೆ ತಿಂದೋರ ಗತಿ ಏನು? ರೂಲ್ಸ್ ಅಂದ್ರೆ ರೂಲ್ಸು ಕಣೇ. ಮೈಮ್ಯಾಲೆ ಇರೋದು ಏನೇ ಆಗ್ಲಿ, ಅಡ್ಡ ಬಂದ್ರೆ ತೆಗೀಲೇಬೇಕು.”

ರಂಗಕ್ಕ ಎರಡು ದಿನ ಮಾತು ಬಿಟ್ಟಳು. (ಆ ಎರಡು ದಿನ ಉಪ್ಪೂ ಸಾರಿನ ಜೊತೆ ಮಾತು ಬಿಟ್ಟಿತ್ತು.) ಮೂರನೇ ದಿನ ತಾಳಿಯನ್ನು ರವಿಕೆಯೊಳಗೆ ಸೇರಿಸಿಕೊಂಡು, ಹನ್ನೆರಡು ಹಸಿರು ಬಳೆಗಳನ್ನು ಒಂದೊಂದಾಗಿ ತೆಗೆದು ದೇವರ ಗೂಡಿನಲ್ಲಿಟ್ಟು ಕಣ್ಣೊರೆಸಿಕೊಂಡಳು. ಬರಿಗೈ ನೋಡಿ ಯತ್ತಪ್ಪನಿಗೂ ಒಳಗೊಳಗೇ ಪಿಚ್ಚೆನಿಸಿತು. ಆದರೆ ಭಾಮೈದನ ಫ್ರೇಮು ನೆನಪಾಗಿ, ಸೋಪು ಕೊಟ್ಟು ಎಣಿಸತೊಡಗಿದ.

ತಪಾಸಣೆಗೆ ಬಂದದ್ದು ಕಂಪನಿಯ ಲೋಹಿತಾ ಮೇಡಂ. ನೀರಿನ ತೊಟ್ಟಿ ನೋಡಿದರು, ಕ್ರೇಟು ಮೂಸಿದರು, ದೊಡ್ಡಕ್ಕನ ಬಾಯಿ ತೆರೆಸಿ ನೋಡಿದರು. ಎಲ್ಲದಕ್ಕೂ ಟಿಕ್ಕು ಬಿತ್ತು. ಕೊನೆಗೆ ಯತ್ತಪ್ಪನ ಮುಂದೆ ನಿಂತರು. ಬಿಳಿ ಕೋಟು, ತಲೆಗೆ ಟೋಪಿ, ಬಾಯಿಗೆ ಮಾಸ್ಕು. ಮಾಸ್ಕಿನ ಎರಡೂ ಬದಿಯಿಂದ ಮೀಸೆಯ ತುದಿಗಳು ಟಗರಿನ ಕೊಂಬಿನ ಹಾಗೆ ಹೊರಗೆ ಸುತ್ತಿಕೊಂಡಿದ್ದವು.

“ಯಜಮಾನ್ರೇ, ಇದೂ ಒಳಗೆ ಹೋಗ್ಬೇಕಲ್ಲ,” ಎಂದರು ಮೇಡಂ.

ಯತ್ತಪ್ಪ ತುರುಕಿದ. ಎಡಗಡೆಯದು ಒಳಗೆ ಹೋದರೆ ಬಲಗಡೆಯದು ಹೊರಗೆ ಬಂತು. ತರಬೇತಿಯಲ್ಲಿ ಮಧ್ಯಾಹ್ನ ಇದನ್ನೇ ಹೇಳಿಕೊಟ್ಟಿದ್ದೆವಲ್ಲ ಎಂದು ಮೇಡಂ ನೆನಪಿಸಿದರು. ಪ್ಯಾಕೆಟ್ಟಿನೊಳಗೆ ಒಂದು ಕೂದಲೂ ಬೀಳಕೂಡದು. ಒಂದೋ ಮಾಸ್ಕಿನಲ್ಲಿ ಅಡಗುವಷ್ಟು ಮೀಸೆ ಕತ್ತರಿಸಬೇಕು, ಇಲ್ಲವೇ ಯಜಮಾನರು ಬೇಲಿಯಾಚೆ ಕುರಿಗಳ ಜೊತೆ ಇರಬೇಕು. ಆಗ ಸರ್ಟಿಫಿಕೇಟಿಗೆ ರಂಗಕ್ಕನ ಹೆಸರು, ರಂಗಕ್ಕನ ಫೋಟೋ.

ಯತ್ತಪ್ಪ ಹೆಂಡತಿಯ ಮುಖ ನೋಡಿದ. ಮೂವತ್ತು ವರ್ಷದ ಸಂಸಾರದಲ್ಲಿ ಅವಳನ್ನು ಅಷ್ಟು ದೈನ್ಯದಿಂದ ಎಂದೂ ನೋಡಿರಲಿಲ್ಲ.

“ರೂಲ್ಸ್ ಅಂದ್ರೆ ರೂಲ್ಸು,” ಎಂದಳು ರಂಗಕ್ಕ ತಣ್ಣಗೆ. “ನನ್ ಬಳೆ ಸಂಜಿಕೆ ಮತ್ತೆ ಕೈಗೆ ಬತ್ತವೆ. ನಿನ್ ಮೀಸೆ ಕತೆ ನೀನೇ ನೋಡ್ಕೋ.”

ಯತ್ತಪ್ಪ ಮನೆಯ ಹಿಂದೆ ಹೋಗಿ ಕುರಿ ತುಪ್ಪಟ ಕತ್ತರಿಸುವ ದೊಡ್ಡ ಕತ್ತರಿ ಹಿಡಿದ. ತುದಿ ಮಾತ್ರ ತೆಗೆಯೋಣ ಎಂದುಕೊಂಡಿದ್ದ. ಒಂದೇ ಏಟಿಗೆ ಎಡಗಡೆ ಕೊಂಚ ಜಾಸ್ತಿ ಹೋಯಿತು. ಸರಿದೂಗಿಸಲು ಬಲಗಡೆ ಕತ್ತರಿಸಿದ, ಅದು ಇನ್ನೂ ಜಾಸ್ತಿ ಹೋಯಿತು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಸಮವಾಗುವ ಹೊತ್ತಿಗೆ ಎರಡೂ ಕಡೆ ಏನೂ ಉಳಿದಿರಲಿಲ್ಲ. ಬೇಲಿಯಾಚೆಯಿಂದ ಟಗರು ಅವನನ್ನು ಗುರುತೇ ಸಿಗದಂತೆ ನೋಡಿತು.

ಹೋಗಲಿ, ಫೋಟೋ ಬರುತ್ತದಲ್ಲ ಎಂದು ಎದೆಯುಬ್ಬಿಸಿ ನಿಂತ. ಮೇಡಂ ಕ್ಲಿಕ್ಕಿಸುವ ಮೊದಲು ಪೂರ್ತಿ ಸಮವಸ್ತ್ರ ಇರಲೇಬೇಕು ಅಂದರು. ಟೋಪಿ ಹುಬ್ಬಿನವರೆಗೆ ಇಳಿಯಿತು, ಮಾಸ್ಕು ಕಣ್ಣಿನವರೆಗೆ ಏರಿತು. ಫ್ರೇಮು ಬಂದ ದಿನ ದೊಡ್ಡಕ್ಕ ಅದನ್ನು ದಿಟ್ಟಿಸಿ ನೋಡಿ, ಈ ನರ್ಸಮ್ಮ ಯಾರು ಎಂದು ಕೇಳಿದಳು.

ಮುಂದಿನ ಭಾನುವಾರ ಸುನಿಲ್‌ಕುಮಾರ್ ಬಂದ. ಗೋಡೆಯ ಮೇಲಿನ ಫ್ರೇಮು ನೋಡಿ, ತನ್ನದರಲ್ಲೂ ಕಣ್ಣೆರಡೇ ಕಾಣುವುದು ಎಂದ. ಆಮೇಲೆ ಭಾವನ ಮೇಲ್ತುಟಿಯನ್ನು ಸಾವಧಾನವಾಗಿ ನೋಡತೊಡಗಿದ. ಅವನು ಬಾಯಿ ತೆರೆಯುವ ಮೊದಲೇ ಯತ್ತಪ್ಪ ಸಿದ್ದರಬೆಟ್ಟಕ್ಕೆ ಹರಕೆ ಇತ್ತು ಅಂದುಬಿಟ್ಟ.

“ತಲೇಲಿ ಕೂದ್ಲು ಅಂಗೇ ಐತಲ್ಲ ಭಾವ,” ಎಂದ ಸುನಿಲ್. “ನಮ್ಮಿಬ್ರುದೂ ಒಂದೇ ದೇವ್ರು ಇರ್ಬೇಕು ಬುಡು.”

ಕಾಫಿ ತಂದ ರಂಗಕ್ಕ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಕೈತುಂಬ ಹಸಿರು ಬಳೆಗಳಿದ್ದವು. ಯತ್ತಪ್ಪ ಅಭ್ಯಾಸಬಲದಿಂದ ಮೀಸೆ ತಿರುವಲು ಕೈ ಎತ್ತಿ, ಏನೂ ಸಿಗದೆ, ಮೂಗು ಕೆರೆದುಕೊಂಡ.