ಹೇಮಾವತಿಯ ನಡುನೀರಿನಲ್ಲಿ ಮೇಡೇ

ಅಪಾಯಕ್ಕೆ ಸಿಕ್ಕ ಸಣ್ಣ ದೋಣಿಯಿಂದ ವೈರ್‌ಲೆಸ್ಸಿನಲ್ಲಿ ಸಹಾಯ ಕೋರುವುದು ಹೇಗೆ ಎಂಬ ವಿಷಯದಲ್ಲಿ ಇಡೀ ಹೊಳೆನರಸೀಪುರ ತಾಲ್ಲೂಕಿಗೆ ನಾನೊಬ್ಬನೇ ಪಂಡಿತ. ಜಂಬ ಕೊಚ್ಚುತ್ತಿದ್ದೇನೆಂದು ತಿಳಿಯಬೇಡಿ. ಆ ವಿದ್ಯೆ ತಾಲ್ಲೂಕಿನಲ್ಲಿ ಬೇರೆ ಯಾರಿಗೂ ಬೇಕಾಗಿರಲಿಲ್ಲ, ಅಷ್ಟೆ!

ಅದು ಎರಡನೇ ಮಹಾಯುದ್ಧದ ಕಾಲ. ಸೈನ್ಯದ ವೈರ್‌ಲೆಸ್ ವಿಭಾಗಕ್ಕೆ ಸೇರಿ, ಉತ್ತರದ ಕಡೆ ಒಂದು ಶಿಬಿರದಲ್ಲಿ ಆರು ತಿಂಗಳು ತರಬೇತಿ ಪಡೆದಿದ್ದೆ. ಅಲ್ಲಿಂದ ಸಮುದ್ರ ನೂರಾರು ಮೈಲಿ. ಹಾಗಾಗಿ ದೋಣಿಯ ಬದಲು ಬೆಂಚಿನ ಮೇಲೆ ಕೂರಿಸಿ ಪಾಠ ಹೇಳಿದರು. ಗಾಬರಿಯಾಗಬಾರದು. ನಿಧಾನವಾಗಿ, ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡಬೇಕು. ‘ಮೇಡೇ’ ಎಂದು ಮೂರು ಸಲ ಕೂಗಿ, ನಾವು ಯಾರು, ಎಲ್ಲಿದ್ದೇವೆ, ಎಷ್ಟು ಜನ, ಏನು ಬೇಕು ಎಂದು ಕ್ರಮವಾಗಿ ತಿಳಿಸಿ, ‘ಓವರ್’ ಅಂದು ಉತ್ತರಕ್ಕೆ ಕಾಯಬೇಕು. ಬಾರದಿದ್ದರೆ ಮತ್ತೆ ಮೊದಲಿನಿಂದ. ಅಷ್ಟು ಹೊತ್ತೂ ಬೇರೆ ಯಾರೂ ತುಟಿ ಬಿಚ್ಚುವಂತಿಲ್ಲ. ಬೆಂಚಿನ ಮೇಲೆ ನಾನು ಒಂದು ಸಲವೂ ಮುಳುಗಲಿಲ್ಲ. ಸರ್ಟಿಫಿಕೇಟೂ ಕೊಟ್ಟರು.

ರಜೆಯ ಮೇಲೆ ಬಂದಾಗ ನಾದಿನಿಯ ಮದುವೆ. ಮಾವನವರ ಊರು ಹೇಮಾವತಿಯ ಆಚೆ ದಡ. ಹೊಳೆನರಸೀಪುರದಲ್ಲಿ ಹೇಳಿ ಮಾಡಿಸಿದ್ದ ಬೆಂಡಿನ ಬಾಸಿಂಗ ತರುವ ಕೆಲಸ ನನ್ನ ಪಾಲಿಗೆ ಬಂತು. ಗಂಡುಹೆಣ್ಣಿನ ಹಣೆಗೆ ಬಾಸಿಂಗ ಕಟ್ಟದೆ ಧಾರೆ ಎರೆಯುವಂತಿಲ್ಲ. ಅದಕ್ಕೆ ನೀರು ತಾಗಿತೋ, ಬಣ್ಣ ಬಿಟ್ಟು, ಕಾಗದ ಕಿತ್ತು ಬರುತ್ತದೆ. ಮುಹೂರ್ತ ಹನ್ನೊಂದಕ್ಕೆ. ವಾರದಿಂದ ತವರಿನಲ್ಲೇ ಇದ್ದ ನನ್ನ ಹೆಂಡತಿ ಜಯಮ್ಮ, ನನ್ನೊಬ್ಬನನ್ನೇ ನಂಬಲಾರದೆ ಬೆಳಿಗ್ಗೆ ಹೊಳೆ ದಾಟಿ ಬಂದು ಜೊತೆಗೂಡಿದಳು.

ಒಂಬತ್ತು ಗಂಟೆಗೆ ಅಂಬಿಗರ ಕೆಂಚಣ್ಣನ ಹರಿಗೋಲು ಹತ್ತಿದೆವು. ಜಯಮ್ಮನ ಮಡಿಲಲ್ಲಿ ಬಾಸಿಂಗದ ಬುಟ್ಟಿ. ನನ್ನ ಮೈಮೇಲೆ ಖಾಕಿ ಅಂಗಿ, ತಲೆಯ ಮೇಲೆ ಖಾಕಿ ಟೋಪಿ. ಬೀಗರಿಗೆ ಕಾಣಲಿ ಅಂತ! ಮೇಲೆಲ್ಲೋ ಮಳೆಯಾಗಿ ನೀರು ಕೆಂಪಗಿತ್ತು, ತಳ ಕಾಣುತ್ತಿರಲಿಲ್ಲ.

ಅರ್ಧ ದಾಟುವ ಹೊತ್ತಿಗೆ ನನಗೆ ಸುಮ್ಮನಿರಲಾಗಲಿಲ್ಲ. ಕೆಂಚಣ್ಣನ ಕೈಲಿದ್ದ ಬಿದಿರ ಗಳ ಕೇಳಿದೆ.

“ನಿಮ್ಗ್ಯಾಕ್ ಸಾ ಇದೆಲ್ಲ? ಕುಂತ್ಕಳಿ.”

“ಮಿಲಿಟ್ರೀಲಿ ಎಲ್ಲಾ ಕಲಿಸವ್ರೆ. ಕೊಡು ಕೆಂಚಣ್ಣ.”

ಗಳವನ್ನು ಬಲವಾಗಿ ಊರಿದೆ. ಅದು ಮರಳಿನಲ್ಲಿ ಹೂತುಕೊಂಡು ಅಲ್ಲೇ ನಿಂತಿತು. ನಾವು ಮುಂದೆ ಹೋದೆವು! ಹರಿಗೋಲು ಗಿರಗಿರನೆ ನಾಲ್ಕು ಸುತ್ತು ತಿರುಗಿ, ಆಚೆ ದಡ ಇನ್ನೂ ಐವತ್ತು ಮಾರು ಇರುವಾಗ ಒಂದು ಬಂಡೆಗೆ ಸಿಕ್ಕಿಕೊಂಡಿತು. ತಳದ ಚರ್ಮ ಹರಿದು ನೀರು ಒಸರತೊಡಗಿತು.

“ಸಾ, ಇಲ್ಲಿ…” ಎಂದು ಕೆಂಚಣ್ಣ ಬಾಯಿ ತೆರೆದ.

“ಶ್! ಯಾರೂ ಮಾತಾಡಂಗಿಲ್ಲ. ಯಾರೂ ಕೆಳಗಿಳಿಯಂಗಿಲ್ಲ. ರೂಲು!”

ಖಾಕಿ ಕಂಡರೆ ಕೆಂಚಣ್ಣನಿಗೆ ಮೊದಲಿನಿಂದಲೂ ಭಯ. ಬಾಯಿ ಮುಚ್ಚಿಕೊಂಡು ಕೂತ.

ವೈರ್‌ಲೆಸ್ ಪೆಟ್ಟಿಗೆ ಇರಲಿಲ್ಲ, ಆದರೆ ಗಂಟಲಿತ್ತು. ದಡದಲ್ಲಿ ಬಟ್ಟೆ ಒಗೆಯುವ ನಾಲ್ಕು ಜನ ಹೆಂಗಸರು, ಎಮ್ಮೆ ಮೈ ತೊಳೆಯುವ ಇಬ್ಬರು ಗಂಡಸರು ಇದ್ದರು. ನಾನು ನೆಟ್ಟಗೆ ನಿಂತು, ಎರಡೂ ಕೈ ಬಾಯಿಗೆ ಹಿಡಿದು ಪ್ರಾರಂಭಿಸಿದೆ.

“ಮೇಡೇ! ಮೇಡೇ! ಮೇಡೇ! ಇದು ಹರಿಗೋಲು! ಹರಿಗೋಲು! ಹರಿಗೋಲು! ಸ್ಥಳ, ಹೇಮಾವತಿ ನದಿ! ನಿಮ್ಮ ದಡದಿಂದ ಐವತ್ತು ಮಾರು! ಜನಸಂಖ್ಯೆ ಮೂರು! ತುರ್ತು ನೆರವು ಅಪೇಕ್ಷಿಸಲಾಗಿದೆ! ಓವರ್!”

ಎಮ್ಮೆಯವರು ತಲೆಗೆ ಸುತ್ತಿದ್ದ ವಸ್ತ್ರ ತೆಗೆದು ಕೈಕಟ್ಟಿ ನಿಂತರು. ಹೆಂಗಸರು ಸೆರಗು ಸರಿಮಾಡಿಕೊಂಡರು. ಎರಡನೆಯ ಸಲ ಕೂಗಿದೆ. ಗದ್ದೆ ಕಡೆಯಿಂದ ಇನ್ನೂ ಹತ್ತು ಜನ ಬಂದು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಕೇಳಿದರು.

“ನೋಡ್ದಾ? ಸಿಗ್ನಲ್ ಚೆನ್ನಾಗಿ ತಲುಪ್ತಾ ಐತೆ!” ಎಂದೆ.

“ತಲುಪೋದೇನೋ ತಲುಪ್ತದೆ ಕಣ್ರೀ. ಒಬ್ರೂ ಯಾಕ್ ಬತ್ತಿಲ್ಲ?” ಎಂದಳು ಜಯಮ್ಮ.

ಮೂರನೆಯ ಸಲ ಕೂಗಿದೆ. ಅಷ್ಟೂ ಜನ ಒಟ್ಟಿಗೇ ಎದ್ದು ಊರ ಕಡೆ ಓಟ ಕಿತ್ತರು!

“ಹಗ್ಗ ತರಕ್ಕೆ ಹೋದ್ರು,” ಎಂದು ಸಮಾಧಾನ ಹೇಳಿದೆ.

ಅವರು ಹೋದದ್ದು ಹಗ್ಗಕ್ಕಲ್ಲ ಎಂಬುದು ಆಮೇಲೆ ತಿಳಿಯಿತು. ನಮ್ಮ ಕಡೆ ನೀರಿನಲ್ಲಿ ಮುಳುಗುವವನು “ಅಯ್ಯಯ್ಯಪ್ಪೋ” ಅನ್ನುತ್ತಾನೆ. ಶಾಂತವಾಗಿ, ಬಿಡಿಸಿ ಬಿಡಿಸಿ, ಮೂರು ಮೂರು ಸಲ ಕೂಗುವುದು ಸರ್ಕಾರದ ಡಂಗುರ ಮಾತ್ರ. ಆ ವರ್ಷ ಡಂಗುರವೆಂದರೆ ಒಂದೇ ಸುದ್ದಿ, ಲೆವಿ. ಮನೆಯಲ್ಲಿರುವ ಭತ್ತ, ಅಕ್ಕಿಯಲ್ಲಿ ಸರ್ಕಾರಕ್ಕೆ ಪಾಲು ಅಳೆಯಬೇಕು. ಖಾಕಿ ತೊಟ್ಟ ಸಾಹೇಬನೊಬ್ಬ ಹೊಳೆಯ ನಡುವೆ ನಿಂತು, ಜನಸಂಖ್ಯೆ ಹೇಳುತ್ತ, ನಡುನಡುವೆ ಇಂಗ್ಲಿಷ್ ಬೆರೆಸಿ ಕೂಗಿದರೆ ರೈತರು ಇನ್ನೇನು ತಿಳಿಯಬೇಕು? ಊರಿಗೆ ಊರೇ ಮೂಟೆ ಬಚ್ಚಿಡಲು ಓಡಿತ್ತು.

ದಡದಲ್ಲಿ ಒಂದು ಎಮ್ಮೆ ಉಳಿದಿತ್ತು. ನನ್ನ ನಾಲ್ಕನೆಯ ಕರೆಯನ್ನು ಅದು ಗಮನವಿಟ್ಟು ಕೇಳಿತು.

ಹತ್ತೂವರೆಯಾಯಿತು. ಹರಿಗೋಲಿನೊಳಗೆ ನೀರು ಹಿಮ್ಮಡಿ ಮುಳುಗುವಷ್ಟಾಯಿತು. ಆಚೆಯಿಂದ ಓಲಗದ ಸದ್ದು ಕೇಳುತ್ತಿತ್ತು. ಜಯಮ್ಮ ಬುಟ್ಟಿಯನ್ನು ಎದೆಯೆತ್ತರಕ್ಕೆ ಎತ್ತಿ ಹಿಡಿದಿದ್ದಳು.

“ನನ್ ತಂಗಿ ಮದ್ವೆ ಕೆಡ್ಸಕ್ಕೇ ಮಿಲಿಟ್ರಿ ಸೇರ್ಕಂಡ್ರಾ?” ಎಂದವಳ ಕಣ್ಣಲ್ಲಿ ನೀರು ಬಂತು. ಧಾರೆ ನಿಂತುಹೋದರೆ ಆ ಹುಡುಗಿಗೆ ಮುಖ ತೋರಿಸುವುದು ಹೇಗೆ? ಐದನೆಯ ಕರೆಗೆ ಮತ್ತೆ ಎರಡೂ ಕೈ ಬಾಯಿಗೆ ಹಿಡಿದೆ.

ಜಯಮ್ಮ ಅಂಬಿಗನ ಕಡೆ ತಿರುಗಿದಳು. “ಅಣ್ಣಾ, ನೀನಾದ್ರೂ ಬಾಯ್ಬುಡು!”

ಕೆಂಚಣ್ಣ ನನ್ನ ಟೋಪಿಯನ್ನು ನೋಡಿದ. “ಯೋಳ್ಬೋದಾ ಸಾ?”

“ಹೇಳು ಮಾರಾಯ!”

“ಇಲ್ಲಿ ನೀರು ಮೊಣಕಾಲುದ್ದ ಸಾ. ಆಗ್ಲಿಂದ ಅದ್ನೇ ಯೋಳಕ್ ಬಂದೆ, ನೀವು ಬುಡ್ನಿಲ್ಲ.”

ಜಯಮ್ಮ ಸೀರೆ ಎತ್ತಿ ಕಟ್ಟಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಇಳಿದು ನಡೆದೇಬಿಟ್ಟಳು. ಹಿಂದೆ ಕೆಂಚಣ್ಣ, ಅವನ ಹಿಂದೆ ಸರ್ಟಿಫಿಕೇಟ್ ಪಡೆದ ನಾನು.

ದೇವರು ದೊಡ್ಡವನು. ಬಾಸಿಂಗಕ್ಕೆ ಒಂದು ಹನಿಯೂ ತಾಗಿರಲಿಲ್ಲ, ಮುಹೂರ್ತಕ್ಕೆ ಸರಿಯಾಗಿ ಧಾರೆ ಆಯಿತು. ಅಕ್ಷತೆ ಹಾಕುವಾಗ ನನ್ನ ಕಣ್ಣೂ ತುಂಬಿ ಬಂತು. ಬದುಕಿದೆಯಾ ಬಡಜೀವವೇ ಅಂದುಕೊಂಡು ಊಟಕ್ಕೆ ಕೂತೆ. ಎಲೆ ಹಾಕಿದ್ದರು. ಎಲೆಯ ಮೇಲೆ ಉಪ್ಪೂ ಇತ್ತು. ಅರ್ಧ ಗಂಟೆಯಾದರೂ ಅದರ ಪಕ್ಕಕ್ಕೆ ಬೇರೆ ಏನೂ ಬರಲಿಲ್ಲ! ಬೀಗರು ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ಮಾವನವರು ಬೆವರು ಒರೆಸುತ್ತ ಬಂದು ನನ್ನ ಕಿವಿಯಲ್ಲಿ ಉಸುರಿದರು. “ಅಳಿಯಂದ್ರೇ, ಕೆಟ್ವಿ! ಲೆವಿ ಸಾಯೇಬ್ರು ಒಳೇಲಿ ನಿಂತು ಕೂಗ್ತಾವ್ರಂತೆ. ಒಲೆ ಆರ್ಸಿ ಅಕ್ಕಿನೆಲ್ಲ ಉಲ್ಲು ಮೆದೆ ಒಳಗೆ ತುಂಬ್ಬುಟ್ಟಿದೀವಿ. ನೀವು ಮಿಲಿಟ್ರಿಯೋರು, ಒಸಿ ಓಗಿ ಮಾತಾಡಿ ಅವ್ರುನ್ನ ಸಾಗಾಕಿ!”

ನಾನು ಗಂಟಲು ಸರಿಮಾಡಿಕೊಂಡೆ. ಗತ್ತಿನಿಂದ ಹೋಗಿ ಬಂದು, ‘ಸಾಗಹಾಕಿದೆ’ ಅಂದುಬಿಟ್ಟರೆ ಮಾನ ಉಳಿಯುತ್ತದಲ್ಲ ಎಂಬ ದುರಾಸೆ! ಅಷ್ಟರಲ್ಲಿ ಜಯಮ್ಮ ಪಂಕ್ತಿಗೆಲ್ಲ ಕೇಳುವಂತೆ ಅಂದಳು.

“ಎಲ್ಲಿಗೂ ಓಗಾದ್ ಬ್ಯಾಡ ಕಣಪ್ಪ. ಆ ಸಾಯೇಬ್ರು ಇವ್ರೇಯ!”

ಮಾವನವರು ನನ್ನನ್ನು ಬಯ್ಯಲಿಲ್ಲ. ಎಷ್ಟಾದರೂ ಅಳಿಯ. ಕೈ ಚಾಚಿ ಹಿತ್ತಲಿನ ಮೆದೆ ತೋರಿಸಿದರು, ಅಷ್ಟೆ. ಖಾಕಿ ಕಳಚಿಟ್ಟು, ಬರಿಮೈಯಲ್ಲಿ ಹುಲ್ಲಿನೊಳಗೆ ನುಗ್ಗಿದೆ. ನವೆಯಲ್ಲಿ ಕೆರೆದುಕೊಳ್ಳುತ್ತ, ಹಸಿದ ಬೀಗರೆಲ್ಲ ಎದ್ದು ಬಂದು ನೋಡುತ್ತಿರಲು, ಒಂದೊಂದಾಗಿ ಒಂಬತ್ತು ಮೂಟೆಗಳನ್ನು ಸೆರೆಹಿಡಿದು ಹೊರಗೆಳೆದೆ. ಇಡೀ ಮಹಾಯುದ್ಧದಲ್ಲಿ ನಾನು ಭಾಗವಹಿಸಿದ ಏಕೈಕ ಕಾರ್ಯಾಚರಣೆ ಅದೇ!